ಬಲಗಡೆಯ ಕನ್ನಡಿಯಲ್ಲಿ ಓಡಿಬಂದವನು

ಇದು ನಡೆದದ್ದು. ಇಷ್ಟನ್ನು ಮಾತ್ರ ಯಾರ ಮುಂದೆ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ, ಬೆಳದಿಂಗಳು ಎಷ್ಟಿತ್ತು... ಅದೆಲ್ಲ ಹೇಳಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸರಿದಾಡಿದೆ. ಮೊದಲ ಸಲ ಹೇಳುವಾಗ ಬೆಳದಿಂಗಳೇ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇದ್ದಿರಲೇಬೇಕು. ಇಲ್ಲದಿದ್ದರೆ ಅವನು ನನಗೆ ಕಂಡದ್ದು ಹೇಗೆ?

ಅರವತ್ತೆರಡನೇ ಇಸವಿಯೋ ಅರವತ್ಮೂರೋ. ಧಾರವಾಡದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಮೂರನೇ ಕೈಯಿಂದ ಕೊಂಡ ಮೋಟಾರ್‌ಸೈಕಲ್ ಒಂದಿತ್ತು. ಆಗ ಗಾಡಿಗಳಿಗೆ ಕನ್ನಡಿ ಅಪರೂಪ. ಒಂದು ಸಂಜೆ ಹತ್ತಿ ಅಂಡಿಗೆ ತುಂಬಿದ ಲಾರಿಯೊಂದು ಹಿಂದಿನಿಂದ ಬಂದು ಮೊಣಕೈ ಸವರಿ ಹೋಯಿತು. ಮರುದಿನವೇ ಹುಬ್ಬಳ್ಳಿಗೆ, ದಸ್ತಗೀರ್ ಮೇಸ್ತ್ರಿಯ ಅಂಗಡಿಗೆ ಹೋದೆ.

"ಮೈಗೆ ಹತ್ರ ಕನ್ನಡಿ ಹಾಕಿದ್ರ ನಿಮ್ಮ ಮೊಣಕೈನ ಕಾಣ್ತೈತ್ರಿ ಸಾಹೇಬ್ರ," ಎಂದ ಮೇಸ್ತ್ರಿ. "ಹ್ಯಾಂಡಲ್ ತುದೀಗೆ ಹಾಕ್ತೇನಿ. ದಾರಿ ಪೂರಾ ಕಾಣ್ತೈತಿ."

ಒಡೆದ ಕಪಾಟಿನ ಕನ್ನಡಿಯಿಂದ ಎರಡು ದುಂಡು ತುಂಡು ಕೊಯ್ದು ತಗಡಿನ ಬಟ್ಟಲಿನಲ್ಲಿ ಕೂರಿಸಿದ. ಹಿಡಿಕೆಯ ರಬ್ಬರಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಕೊಳವೆಯೊಳಗೆ ಸೀಳು ಬಿಟ್ಟ ಹಿತ್ತಾಳೆಯ ತುಂಡು ಇಳಿಸಿದ. ಬೋಲ್ಟು ಬಿಗಿದಂತೆ ಅದು ಒಳಗೇ ಅರಳಿ ಕೊಳವೆಯನ್ನು ಕಚ್ಚಿ ಹಿಡಿಯಿತು.

"ಎಡಗಡೆ ಎಷ್ಟ ಬೇಕಾದ್ರೂ ಒಳಗ ಸರಸ್ರಿ. ಬಲಗಡೆ ರೇಸಿನ ಹಿಡಕಿ ತಿರಗಬೇಕು. ಅಲ್ಲೆ ಉಗುರಿನಷ್ಟು ಸಂದ ಇರಾಕಬೇಕು. ಮರೀಬ್ಯಾಡ್ರಿ."

ನಾನು ಮರೆತೆ. ಎರಡು ವಾರದಲ್ಲಿ ಬಲಗಡೆಯದು ಸಡಿಲಾಗಿ ಜೋತುಬಿತ್ತು. ನಾನೇ ಮನೆಯಲ್ಲಿ ಅದನ್ನು ಒಳಕ್ಕೆ ನೂಕಿ ಬಿಗಿದೆ. ಸಂದು ಮುಚ್ಚಿಹೋಯಿತು.

ಅವ್ವನಿಗೆ ಬೇರೆಯೇ ಚಿಂತೆ. ದೀಪ ಹಚ್ಚಿದ ಮೇಲೆ ಕನ್ನಡಿ ನೋಡಬಾರದು. ಗರಗದ ಖಾದಿ ತುಂಡಿನಲ್ಲಿ ಎರಡು ಪುಟ್ಟ ಚೀಲ ಹೊಲಿದು, ಲಾಡಿ ಹಾಕಿ ಕೊಟ್ಟಳು. ಹೊತ್ತು ಮುಳುಗಿದರೆ ನನ್ನ ಗಾಡಿಯ ಕನ್ನಡಿಗಳಿಗೆ ಮುಸುಕು.

ಇದು ನಡೆದ ಸಂಜೆ ತಮ್ಮ ಮಲ್ಲೇಶ ರಜೆಗೆ ಬರುವವನಿದ್ದ. ಬಾಗಲಕೋಟೆಯಲ್ಲಿ ಸಾಲಿ ಮಾಸ್ತರ. ಹಿಂದಿನ ವರ್ಷ ವಿಷಮಜ್ವರ ಬಂದು ಸತ್ತು ಬದುಕಿದವನು. ಅಲ್ಲಿಂದೀಚೆಗೆ ನಾನೊಮ್ಮೆ ಹೋಗಿ ನೋಡಿಬಂದಿದ್ದೆ, ಅವ್ವ ಮಾತ್ರ ಅವನ ಮುಖ ನೋಡಿರಲಿಲ್ಲ. "ಅವನ್ನ ಹುಷಾರಿಂದ ಕರ್ಕೊಂಡ ಬಾ," ಎಂದು ಬಾಗಿಲ ತನಕ ಬಂದು ಮೂರು ಸಲ ಹೇಳಿದಳು.

ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಗಾಡಿ ನೋಡಿದ್ದೇ ಮಲ್ಲೇಶ ನಗತೊಡಗಿದ.

"ಅಣ್ಣಾ, ಗಾಡೀಗೆ ನೆಗಡಿ ಆಗೈತೇನು? ಕಿವೀಗೆ ಕುಲಾಯಿ ಹಾಕೀಯಲ್ಲ!"

"ಅವ್ವನ ಕೆಲಸ. ಇರ್ಲಿ ಬಿಡ."

"ಕನ್ನಡಿ ಹಾಕಿಸಿ ಕಣ್ಣ ಕಟ್ಟೂದೇನು, ಹುಚ್ಚಪ್ಪಾ?" ಎರಡೂ ಚೀಲ ಕಿತ್ತು ಜೇಬಿಗೆ ತುರುಕಿಕೊಂಡ.

ಏಳೂವರೆಯ ಸುಮಾರು ಹೊರಟೆವು. ಚಳಿ. ಅವನ ಅಂಗಿಯಿಂದ ರೈಲಿನ ಕಲ್ಲಿದ್ದಲ ಹೊಗೆಯ ವಾಸನೆ. ಉಣಕಲ್ ಕೆರೆಯ ಗಾಳಿ ಕಿವಿ ಕೊಯ್ಯುತ್ತಿತ್ತು. ಅಮರಗೋಳ ದಾಟುವವರೆಗೂ ಅವನು ಸಾಲಿಯ ಹುಡುಗರ ಕತೆ ಹೇಳುತ್ತಲೇ ಇದ್ದ.

ಅಮರಗೋಳ ದಾಟಿ ಸ್ವಲ್ಪ ದೂರ... ನಾನು ರೇಸ್ ಬಿಟ್ಟೆ. ಅದು ಬಿಡಲಿಲ್ಲ.

ಹಿಡಿಕೆ ತಿರುಗಿದಲ್ಲೇ ಕಚ್ಚಿ ನಿಂತಿತ್ತು. ಎದುರಿಗೆ ದೀಪವಿಲ್ಲದ ಚಕ್ಕಡಿ. ಹೇಗೋ ಬದಿಗೆ ಎಳೆದು ಎಂಜಿನ್ ಆರಿಸಿದೆ. ತಡಕಾಡಿ ನೋಡಿದರೆ ಕನ್ನಡಿಯ ಬುಡ ರಬ್ಬರಿಗೆ ಒತ್ತಿಕೊಂಡಿತ್ತು. ಬೋಲ್ಟು ಸಡಿಲಿಸಿ ಉಗುರಿನಷ್ಟು ಹೊರಗೆಳೆದೆ. ರೇಸ್ ಸರಿಯಾಯಿತು. ಆದರೆ ಕಿಕ್ ಹೊಡೆದು ಹೊಡೆದು ಕಾಲು ಸೋತರೂ ಗಾಡಿ ಹತ್ತಲಿಲ್ಲ. ಪೆಟ್ರೋಲಿನ ನಾತ ಮಾತ್ರ. ಚಕ್ಕಡಿಯ ಸಪ್ಪಳ ದೂರವಾಗಿ, ದೂರವಾಗಿ, ನಿಂತೇ ಹೋಯಿತು.

"ನೀ ಕ್ಲಚ್ ಹಿಡದ ಕೂಡ್ರ, ನಾ ನೂಕ್ತೇನಿ," ಎಂದ ಮಲ್ಲೇಶ. "ಹತ್ತಿದ ಮ್ಯಾಲೆ ಮತ್ತ ನಿಲ್ಲಸಬ್ಯಾಡ. ಓಡಿ ಬಂದು ಜಿಗದ ಕೂಡ್ತೇನಿ."

"ಬಿದ್ದು ಹಲ್ಲ ಮುರಕೊಂಡೀ."

"ಓಡೂ ಚಕ್ಕಡಿ ಜಿಗದ ಹತ್ತಿ ಸಾಲಿಗೆ ಹೋದಾಂವ ನಾ. ನಡೀ."

ನೂಕಿದ. ಅವನ ಚಪ್ಪಲಿಯ ಪಟಪಟ, ಏದುಸಿರು. ಕ್ಲಚ್ ಬಿಟ್ಟೆ. ಎಂಜಿನ್ ಕೆಮ್ಮಿತು, ಹಿಡಿಯಿತು. ಗಾಡಿ ಮುನ್ನುಗ್ಗಿತು. ಹಿಂದಿನ ಸೀಟಿನ ಮೇಲೆ ಧಪ್ಪೆಂದು ಭಾರ ಬಿತ್ತು. ಭುಜದ ಮೇಲೆ ಒಂದು ಕೈ.

"ನಡಿ," ಎಂದ.

ರೇಸ್ ಕೊಟ್ಟೆ. ಒಂದು ಫರ್ಲಾಂಗು ಹೋಗಿರಬಹುದು. ಅಭ್ಯಾಸಕ್ಕೆ ಬಲಗಡೆಯ ಕನ್ನಡಿ ನೋಡಿದೆ.

ರಸ್ತೆಯ ನಡುವೆ ಒಬ್ಬ ಓಡಿಬರುತ್ತಿದ್ದ.

ಬಿಳಿ ಅಂಗಿ. ಒಂದು ಕೈ ಮೇಲಕ್ಕೆ. ಎಂಜಿನ್ನಿನ ನಡುಕಕ್ಕೆ ಕನ್ನಡಿಯಲ್ಲಿ ಎಲ್ಲವೂ ಕದಡುತ್ತಿತ್ತು. ವೇಗ ಕಡಿಮೆ ಮಾಡಿದೆ... ಚಿತ್ರ ನಿಂತಿತು. ಆ ಓಟ ನನಗೆ ಗೊತ್ತು. ಎಡಗಾಲು ತುಸು ಹೊರಗೆ ಎಸೆದು ಓಡುವುದು. ಜ್ವರದ ಮೇಲೆ ಬಂದದ್ದು ಅದು.

"ಮಲ್ಲೂ..." ನನ್ನ ದನಿ ನನಗೇ ಕೇಳಲಿಲ್ಲ. "ಹಿಂದ ಯಾರೋ ಓಡಿ ಬರಾಕತ್ತಾರ ನೋಡ."



"ಯಾರೂ ಇಲ್ಲ. ಮುಂದ ನೋಡ."

"ತಿರುಗಿ ನೋಡ್ಲೇನು?"

"ಬ್ಯಾಡಣ್ಣಾ. ಗಾಡಿ ವಾಲ್ತೈತಿ."

ಮಲ್ಲೇಶನದೇ ದನಿ. ಆದರೆ ಕಲ್ಲಿದ್ದಲ ವಾಸನೆ ಇರಲಿಲ್ಲ. ಗಾಳಿ ಹಾರಿಸಿರಬೇಕು ಎಂದುಕೊಂಡೆ. ಎಡಗೈಯಿಂದ ಎಡಗಡೆಯ ಕನ್ನಡಿಯನ್ನು ಮೆಲ್ಲಗೆ ಒಳಮುಖ ಮಾಡಿದೆ. ಹಿಂದೆ ಕೂತವನ ಮುಖ ಕಂಡಿತು. ಮಲ್ಲೇಶ. ಅವನೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಬಲಗಡೆ ನೋಡಿದೆ. ಅಲ್ಲೂ ಮಲ್ಲೇಶ. ಬಾಯಿ ತೆರೆದಿತ್ತು. ಎಂಜಿನ್ ಸದ್ದಿನೊಳಗೆ ಎಲ್ಲೋ ಎಳೆದೆಳೆದು... "ಅಣ್ಣಾ..."

ಗಾಡಿ ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳುತ್ತೀರಿ. ನಿಲ್ಲಿಸಿದರೆ ಮತ್ತೆ ಹತ್ತುತ್ತಿರಲಿಲ್ಲ ಎಂದು ಬಹಳ ಜನರಿಗೆ ಹೇಳಿದ್ದೇನೆ. ಸುಳ್ಳು. ನಿಲ್ಲಿಸಿದರೆ ಅವನು ಬಂದು ಮುಟ್ಟುತ್ತಿದ್ದ. ಆಗ ಇಬ್ಬರಿರುತ್ತಿದ್ದರು. ಅವ್ವನ ಮುಂದೆ ಯಾರನ್ನು ನಿಲ್ಲಿಸಲಿ?

ರೇಸ್ ತಿರುವಿದೆ. ಕನ್ನಡಿ ಮತ್ತೆ ಕದಡಿತು. ಬಿಳಿ ಚುಕ್ಕೆ ಸಣ್ಣದಾಯಿತು. ಕೊನೆಗೆ ಅದು ರಸ್ತೆಯ ಮೇಲೆ ಕುಕ್ಕರಿಸಿ ಕೂತಿತು ಎಂದು ನನ್ನ ನೆನಪು. ಇದನ್ನು ಆಮೇಲೆ ಸೇರಿಸಿದೆನೋ ಏನೋ. ಸೇರಿಸಿದ್ದೇ ಆಗಿರಲಿ ಎಂದು ಆಶೆ.

ರಾಯಾಪುರ, ಸತ್ತೂರು... ಧಾರವಾಡದವರೆಗೂ ಹಿಂದಿನವನು ಒಂದು ಮಾತೂ ಆಡಲಿಲ್ಲ. ಭುಜದ ಮೇಲಿನ ಕೈ ಮಾತ್ರ ಇತ್ತು.

ಅವ್ವ ಬಾಗಿಲಲ್ಲೇ ಅವನ ಮುಖ ಸವರಿ ನೆಟಿಗೆ ಮುರಿದಳು. "ಎಷ್ಟ ಸೊರಗೀಯೋ ನನ್ನಪ್ಪಾ!" ನಾಲ್ಕು ರೊಟ್ಟಿ ಉಂಡ. ಹುಡುಗರ ಕತೆ ಮುಂದುವರಿಸಿದ, ಬಿಟ್ಟಲ್ಲಿಂದಲೇ. ಒಂದೂ ವ್ಯತ್ಯಾಸವಿರಲಿಲ್ಲ. ಎಡಗಾಲನ್ನು ಹಾಗೆಯೇ ಎಸೆಯುತ್ತಿದ್ದ. ನನಗೆ ನಿದ್ದೆ ಬರಲಿಲ್ಲ.

ರಜೆ ಮುಗಿದು ಅವನು ಹೊರಡುವ ಹಿಂದಿನ ದಿನ, ಹಿತ್ತಲಲ್ಲಿ ಇಬ್ಬರೇ ಇದ್ದಾಗ, ನಗುನಗುತ್ತ ಎಂಬಂತೆ ಕೇಳಿದೆ.

"ಅವತ್ತ ಓಡೂ ಗಾಡಿ ಒಂದ ಸಲಕ್ಕ ಹತ್ತಿದೆಲ್ಲೋ, ಶಾಣ್ಯಾ!"

ಅವನು ಹಲ್ಲುಜ್ಜುವುದನ್ನು ನಿಲ್ಲಿಸಿದ.

"ಎಲ್ಲಿ ಹತ್ತಿದೆ? ಕೈಗೆ ಸಿಗಲಿಲ್ಲ. ಓಡಿದೆ, ಓಡಿದೆ... ಎಷ್ಟ ಒದರಿದೆ. ನೀ ನಿಲ್ಲಸಲೇ ಇಲ್ಲ."

"ಆಮ್ಯಾಲೆ?"

ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಹುಬ್ಬು ಗಂಟಾಯಿತು.

"ಆಮ್ಯಾಲೆ ಮನ್ಯಾಗಿದ್ದೆ. ಅವ್ವ ರೊಟ್ಟಿ ನೀಡಾಕತ್ತಿದ್ಲು." ಬಾಯಿ ಮುಕ್ಕಳಿಸಿ ಒಳಗೆ ಹೋದ.

ಈಗ ಅವನಿಗೆ ಮದುವೆಯಾಗಿದೆ, ಮಗು ಇದೆ. ಊರಿಗೆ ಬರುವಾಗಲೆಲ್ಲ ಬಸ್ಸಿನಲ್ಲಿ ಬಾ ಎಂದು ಬರೆಯುತ್ತೇನೆ. ಅವ್ವ ಅವನನ್ನು ನೋಡಿ ಸುಖವಾಗಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ.

ನಾನು ಮಾತ್ರ ವರ್ಷಕ್ಕೊಮ್ಮೆಯೋ ಎರಡು ಸಲವೋ ಹೊತ್ತು ಮುಳುಗಿದ ಮೇಲೆ ಒಬ್ಬನೇ ಅಮರಗೋಳದ ಆಚೆ ಹೋಗಿ ಗಾಡಿ ನಿಲ್ಲಿಸುತ್ತೇನೆ. ಎಂಜಿನ್ ಆರಿಸುವುದಿಲ್ಲ. ಹಿಂದೆ ತಿರುಗುವುದಿಲ್ಲ. ಒಂದಿಷ್ಟು ಹೊತ್ತು ಕಾಯುತ್ತೇನೆ. ಈವರೆಗೆ ಯಾರೂ ಬಂದಿಲ್ಲ. ಬಂದು ಕೂತರೆ ಇಳಿ ಅನ್ನಬೇಕೋ, ಗಟ್ಟಿಯಾಗಿ ಹಿಡಕೋ ಅನ್ನಬೇಕೋ... ಇನ್ನೂ ಗೊತ್ತಾಗಿಲ್ಲ.