ಇಪ್ಪತ್ತಮೂರು ಪಾಠ, ಸೊನ್ನೆ ನೋಟ

ಉದ್ದಿನ ಕಾಳಿಗಿಂತ ತುಸು ದೊಡ್ಡದಾದ ಒಂದು ಕಣ್ಣಿನ ಚಿತ್ರ, ಅದರ ಮೇಲೆ ಓರೆಯಾಗಿ ಎಳೆದ ಒಂದು ಗೆರೆ. ಮೊದಲ ಪಾಠದ ಹೆಸರಿನ ಪಕ್ಕದಲ್ಲಿತ್ತು. ಎರಡನೆಯದರ ಪಕ್ಕದಲ್ಲೂ ಇತ್ತು. ಪರದೆಯಲ್ಲಿ ಪುಟವನ್ನು ಸರಿಸುತ್ತ ಕೆಳಗಿನ ತನಕ ಹೋದೆ. ಇಪ್ಪತ್ತಮೂರು ಪಾಠಗಳಿಗೂ ಇತ್ತು.

ಗೆರೆ ಇದ್ದರೆ ಕಣ್ಣು ಮುಚ್ಚಿದೆ ಎಂದರ್ಥ. ಕಣ್ಣು ಮುಚ್ಚಿದ್ದರೆ ಆ ಪಾಠ ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ. ಇಂಥದ್ದನ್ನು ಮೂರು ಕಾಲೇಜುಗಳ ಅಧ್ಯಾಪಕರಿಗೆ ಹೇಳಿಕೊಡುವುದೇ ನನ್ನ ಉದ್ಯೋಗ.

ಆ ಉದ್ಯೋಗಕ್ಕೆ ನಮ್ಮಲ್ಲಿ ಹೆಸರಿಲ್ಲ. ಮೂರೂ ಒಂದೇ ಆಡಳಿತದ ಪದವಿ ಕಾಲೇಜುಗಳು. ಸೋಮವಾರ, ಮಂಗಳವಾರ ಕುಂದಾಪುರ. ಬುಧವಾರ, ಗುರುವಾರ ಬೈಂದೂರು. ಶುಕ್ರವಾರ, ಶನಿವಾರ ಬ್ರಹ್ಮಾವರ. ಮನೆ ಕುಂಭಾಶಿಯಲ್ಲಿರುವುದರಿಂದ ವಾರದಲ್ಲಿ ನಾಲ್ಕು ದಿನ ಬಸ್ಸು ಹತ್ತಿ ಬಡಗು ದಿಕ್ಕಿಗೆ, ಎರಡು ದಿನ ತೆಂಕು ದಿಕ್ಕಿಗೆ. ಅಧ್ಯಾಪಕರ ಪಾಠಗಳನ್ನು ಕಾಲೇಜಿನ ಪೋರ್ಟಲ್‌ಗೆ ಏರಿಸಲು ನೆರವಾಗುತ್ತೇನೆ, ವಿಡಿಯೋ ಮಾಡಿಕೊಡುತ್ತೇನೆ, ಕಿರುಪರೀಕ್ಷೆಗಳನ್ನು ಜೋಡಿಸುತ್ತೇನೆ, ಪಾಸ್‌ವರ್ಡ್ ಮರೆತವರಿಗೆ ಹೊಸತು ಕೊಡುತ್ತೇನೆ. ಕೊನೆಯದೇ ಹೆಚ್ಚು. ಸಂಬಳದ ಚೀಟಿಯಲ್ಲಿ ‘ಲ್ಯಾಬ್ ಸಹಾಯಕಿ’ ಎಂದಿದೆ. ಆ ಸಹಾಯಕಿಯ ಅವಧಿ ಪ್ರತಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಜೂನ್‌ನಲ್ಲಿ ಅವಳನ್ನು ಮತ್ತೆ ಹೊಸದಾಗಿ ನೇಮಿಸುತ್ತಾರೆ.

ಮುಂಬೈಯಲ್ಲಿ ಹೋಟೆಲ್ ನಡೆಸುವ ಮಾವ ಫೋನ್ ಮಾಡಿದಾಗೆಲ್ಲ ಅಮ್ಮನನ್ನು ಕೇಳುತ್ತಾರೆ: “ಹೆಣ್ಣ್ ಎಂತ ಮಾಡ್ತ್ ಅಂದೇಳಿ ಯಾರಾರೂ ಕೇಂಡ್ರೆ ನಾ ಎಂತ ಹೇಳುದ್? ಕಂಪ್ಯೂಟರ್ ರಿಪೇರಿಯಾ?”

ಅಮ್ಮ ಒಮ್ಮೆ ನನ್ನ ಮುಖ ನೋಡುತ್ತಾಳೆ. “ಹೌದ್ ಅನ್ ಅಣ್ಣ, ಮಾತ್ ಮುಗೀತ್ತ್.”

ಇದೇ ಕೆಲಸ ಮಾಡುವವರು ದೇಶದ ಬೇರೆ ಬೇರೆ ಕಾಲೇಜುಗಳಲ್ಲಿ ಒಬ್ಬೊಬ್ಬರಾಗಿ ಚದುರಿಕೊಂಡಿದ್ದಾರೆ. ಅವರಿಗೆಂದೇ ಒಂದು ಪತ್ರ ಪ್ರತಿ ತಿಂಗಳ ಮೊದಲ ಸೋಮವಾರ ಇಮೇಲ್‌ನಲ್ಲಿ ಬರುತ್ತದೆ. ಮೇಲರ್ಧ ಸುದ್ದಿ, ಕೆಳಗಿನರ್ಧ ಅವಕಾಶ. ಸುದ್ದಿ ಎಂದರೆ ಎಲ್ಲಿ ಕಾರ್ಯಾಗಾರ ನಡೆಯುತ್ತದೆ, ಯಾವ ತಂತ್ರಾಂಶ ಬದಲಾಗಿದೆ, ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ವಿಡಿಯೋದ ಅಡಿಯಲ್ಲಿ ಅಕ್ಷರ ಹಾಕುವುದು ಹೇಗೆ, ಇಂಥವು. ಅವಕಾಶ ಎಂದರೆ ಖಾಲಿ ಹುದ್ದೆಗಳು, ಸಾಮಾನ್ಯವಾಗಿ ರೈಲಿನಲ್ಲಿ ಒಂದು ದಿನ ಕಳೆದರೆ ಸಿಗುವ ಊರುಗಳಲ್ಲಿ. ಸುದ್ದಿಯನ್ನು ನಾನು ಬಸ್ಸಿನಲ್ಲೇ ಓದುತ್ತೇನೆ. ಅವಕಾಶವನ್ನು ಇಳಿದ ಮೇಲೆ ಓದುತ್ತೇನೆ. ಬಸ್ಸಿನಲ್ಲಿ ಪಕ್ಕದ ಸೀಟಿನವರೂ ನನ್ನ ಫೋನ್ ಓದುತ್ತಾರೆ.

ಕಳೆದ ಫೆಬ್ರವರಿಯ ಪತ್ರದಲ್ಲಿ ಒಂದು ಹುದ್ದೆ ಇತ್ತು. ಕಲಿಕಾ ತಂತ್ರಜ್ಞರು, ಕಾಯಂ. ಕುಂಭಾಶಿಯಿಂದ ತೆಂಕಿಗೆ ಬಸ್ಸಿನಲ್ಲಿ ಎರಡು ಗಂಟೆ ದೂರದ ಒಂದು ವಿಶ್ವವಿದ್ಯಾಲಯ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೆಸರಿರುವ ಕೆಲಸ, ಮೇ ತಿಂಗಳಲ್ಲಿ ಮುಗಿಯದ ಕೆಲಸ. ಆ ಸಾಲನ್ನು ನಾಲ್ಕು ಸಲ ಓದಿದೆ. ಯಾರಿಗೂ ಹೇಳಲಿಲ್ಲ.

ಅರ್ಜಿಯ ಜೊತೆ ಅವರು ಎರಡು ವಸ್ತು ಕೇಳಿದ್ದರು: ನಾವು ನೆರವಾಗಿ ರೂಪಿಸಿದ ಒಂದು ಕೋರ್ಸ್, ಮತ್ತು ಅದನ್ನು ವಿದ್ಯಾರ್ಥಿಗಳು ಎಷ್ಟು ಬಳಸಿದರು ಎಂಬ ದಾಖಲೆ. ಕೋರ್ಸ್ ಯಾವುದು ಎಂದು ಯೋಚಿಸಬೇಕಾಗಿರಲಿಲ್ಲ. ಬೈಂದೂರಿನ ಸಸ್ಯಶಾಸ್ತ್ರದ ಮೇಷ್ಟ್ರದು.

ಅವರ ನಿವೃತ್ತಿಗೆ ಇನ್ನು ಎರಡು ವರ್ಷ. ಅಕ್ಟೋಬರ್‌ನಿಂದ ಜನವರಿಯವರೆಗೆ ಭಾನುವಾರ ಬೆಳಿಗ್ಗೆ ಕಿರಿಮಂಜೇಶ್ವರದ ಕಡಲ ಬದಿಯಲ್ಲಿ, ಹೊಳೆ ಸೇರುವ ಕಡೆಗಳಲ್ಲಿ, ಕೊಲ್ಲೂರಿಗೆ ಹೋಗುವ ದಾರಿಯ ಕಾಡಿನಂಚಿನಲ್ಲಿ ನಿಂತು ನಮ್ಮ ಕಡೆಯ ಸಸ್ಯಗಳ ಮೇಲೆ ಇಪ್ಪತ್ತಮೂರು ಪುಟ್ಟ ಪಾಠ ಮಾಡಿದರು. ನಾನು ಫೋನ್ ಹಿಡಿದೆ. ಗಾಳಿಯ ಸದ್ದು ತಡೆಯಲು ಮೈಕಿಗೆ ಅವರ ಕರ್ಚೀಫ್ ಸುತ್ತಿದೆ. ಏಳನೆಯ ಪಾಠದಲ್ಲಿ ಅವರು ಮರಳಿನ ಮೇಲೆ ಹಬ್ಬಿದ ಬಳ್ಳಿಯ ಬೇರು ತೋರಿಸುತ್ತಿದ್ದಾಗ ಒಂದು ನಾಯಿ ಬಂದು, ಅವರ ಪಕ್ಕದಲ್ಲಿ ಕುಳಿತು, ಪಾಠ ಮುಗಿಯುವ ತನಕ ಕ್ಯಾಮೆರಾ ನೋಡಿತು. “ಅದ್ರನ್ ಕತ್ರಿಸಿ ಮೇಡಂ, ಮಕ್ಳ್ ನೆಗಾಡ್ತ್ರ್,” ಎಂದಿದ್ದರು. ನಾನು ಕತ್ತರಿಸಿರಲಿಲ್ಲ.

ಪೋರ್ಟಲ್‌ಗೆ ಎಲ್ಲವನ್ನೂ ಏರಿಸಿದವರು ಅವರೇ. ದಸರಾ ರಜೆ ಮುಗಿದ ವಾರ ಕುಂದಾಪುರದಲ್ಲಿ ಮೂರೂ ಕಾಲೇಜಿನವರಿಗೆ ಒಂದು ತರಬೇತಿ ಕೊಟ್ಟಿದ್ದೆ. ಮಾಡಬೇಕಾದ್ದನ್ನು ಸಾಲು ಸಾಲಾಗಿ ಅಚ್ಚು ಹಾಕಿಸಿ ಹಂಚಿದ್ದೆ. ಒಂದೇ ಹಾಳೆಯಲ್ಲಿ ಮುಗಿಯಬೇಕೆಂಬ ಹಟಕ್ಕೆ ಎಂಟು ಸಾಲಿಗೆ ನಿಲ್ಲಿಸಿದ್ದೆ. ಎಂಟನೆಯದು: ‘ಪಾಠ ಪೂರ್ತಿ ಸಿದ್ಧವಾಗುವ ತನಕ ಕಣ್ಣು ಮುಚ್ಚಿಡಿ.’ ಸಿದ್ಧವಾದ ಮೇಲೆ ತೆರೆಯಿರಿ ಎಂಬುದನ್ನು ಕೊನೆಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಚಹಾದ ಜೊತೆ ಗೋಳಿಬಜೆ ಬಂತು. ಎಲ್ಲರೂ ಎದ್ದರು. ನಾನೂ ಎದ್ದೆ.

ಚಿಕ್ಕ ಪ್ರಾಯದವರು ತಾವೇ ತಡಕಾಡಿ ಕಂಡುಕೊಂಡಿರಬೇಕು. ಮೇಷ್ಟ್ರು ನನ್ನ ಹಾಳೆಯನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ, ಒಂದು ಸಾಲನ್ನೂ ಬಿಡದೆ ಪಾಲಿಸಿದ್ದರು. ನನ್ನ ಲಾಗಿನ್‌ನಲ್ಲಿ ಮುಚ್ಚಿದ ಪಾಠವೂ ತೆರೆದ ಪಾಠದಂತೆಯೇ ಓಡುತ್ತದೆ. ವ್ಯತ್ಯಾಸ ಆ ಗೆರೆ ಮಾತ್ರ. ಅದನ್ನು ಎಷ್ಟು ದಿನ ನೋಡಿಯೂ ನಾನು ನೋಡಿರಲಿಲ್ಲ.

ಅರ್ಜಿಗೆ ಕೊನೆಯ ದಿನ ಒಂದು ಗುರುವಾರ, ಸಂಜೆ ಐದು ಗಂಟೆ. ಉಳಿದದ್ದೆಲ್ಲ ತುಂಬಿ ಆಗಿತ್ತು. ಬಳಕೆಯ ದಾಖಲೆಗೆ ಒಂದು ಗುಂಡಿ ಒತ್ತಿದರೆ ಸಾಕೆಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಹತ್ತೂವರೆಗೆ ಬೈಂದೂರಿನ ಸ್ಟಾಫ್ ರೂಮಿನಲ್ಲಿ ಕುಳಿತು ಒತ್ತಿದೆ. ಸೊನ್ನೆ ಬಂತು. ನೆಟ್ ಸರಿಯಿಲ್ಲ ಎಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಸೊನ್ನೆ. ಆಮೇಲೆ ಕಣ್ಣಿನ ಚಿತ್ರ ಕಂಡಿತು.

ಮೇಷ್ಟ್ರು ಎದುರಿನ ಮೇಜಿನಲ್ಲಿ ಹಾಜರಿ ತುಂಬುತ್ತಿದ್ದರು. ಅವರ ಕೋರ್ಸ್ ಬಳಸಲು ಒಪ್ಪಿಗೆ ಬೇಕಾದ್ದರಿಂದ ಅರ್ಜಿಯ ವಿಷಯ ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.

“ಸರ್, ನಿಮ್ ಪಾಠ ಯಾರೂ ಕಾಣ್ಲಿಲ್ಲೆ.”

“ಯಾವ್ದ್ರನ್?”

“ಯಾವ್ದ್ರನ್ನೂ.”

ಅವರು ಪೆನ್ನು ಕೆಳಗಿಟ್ಟರು. “ಅದ್ ಹ್ಯಾಂಗ್ ಆತ್ತ್? ವಾರ ವಾರ ಕೇಂತೆ ಅಲ್ದಾ, ಕಂಡ್ರ್ಯಾ ಅಂದೇಳಿ. ಎಲ್ಲರೂ ಕಂಡಿತ್ ಸರ್ ಅಂತ್ರ್.”

ಎಂಟು ಸಾಲು, ಗೋಳಿಬಜೆ, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಮೇಜಿಗೆ ಅಂಟಿಸಿದ್ದ ಹಾಳೆಯನ್ನು ಓದಿದರು. ಬೆರಳು ಎಂಟನೆಯ ಸಾಲಿನಲ್ಲಿ ನಿಂತಿತು. ಅರ್ಜಿ ನನ್ನದಾದರೂ ಆ ಭಾನುವಾರಗಳು ಅವರವು ಎಂಬುದು ಆಗ ನನಗೆ ತಟ್ಟಿತು.

“ಹಂಗಾರೆ ಆ ನಾಯಿ ಬಂದದ್ದ್?”

“ಅದನ್ನೂ ಯಾರೂ ಕಾಣ್ಲಿಲ್ಲೆ, ಸರ್.”

“ಹೋಯ್ಲಿ. ಅದೊಂದ್ ಒಳ್ಳೆದಾಯ್ತ್,” ಎಂದು ಎದ್ದರು. “ಬನ್ನಿ, ಕ್ಲಾಸಿಗೆ ಹೋಪ.”

ತರಗತಿಯಲ್ಲಿ ನಲವತ್ತೊಂದು ಮಂದಿ. ಮೇಷ್ಟ್ರು ಬಾಗಿಲಲ್ಲೇ ಶುರು ಮಾಡಿದರು. “ಹ್ವಾಯ್ ಮಕ್ಳೆ, ಪೋರ್ಟಲಂಗೆ ನನ್ ಪಾಠ ಯಾರ್ ಯಾರ್ ಕಂಡಿದ್ರಿ? ಕೈ ಎತ್ತಿ.”

ನಲವತ್ತೊಂದು ಕೈಗಳು ಎದ್ದವು.

“ಹ್ಯಾಂಗ್ ಕಂಡ್ರಿ? ಅದಕ್ಕ್ ಬೀಗ ಹಾಕಿತ್ತ್!”

ಕೈಗಳು ಒಂದೊಂದಾಗಿ ಇಳಿದವು. ಮುಂದಿನ ಬೆಂಚಿನ ಕ್ಲಾಸ್ ಲೀಡರ್ ಹುಡುಗಿ ಎದ್ದು ನಿಂತಳು. “ನಂಗೊಬ್ಳಿಗೇ ಬತ್ತಿಲ್ಲೆ ಅಂದೇಳಿ ಎಣ್ಸಿದೆ ಸರ್. ನನ್ ಫೋನ್ ಹಳೀದಲ್ದಾ.”

“ಅವ್ಳ್ ಕಂಡಿದೆ ಅಂದ್ಳ್, ಅದಕ್ಕೆ ನಾನೂ ಅಂದೆ,” ಎಂದಳು ಪಕ್ಕದವಳು.

“ಮತ್ತೆ ಇಷ್ಟ್ ದಿನ ಎಂತದ್ರಂಗೆ ಓದಿದ್ರಿ?”

“ನೀವ್ ಬೋರ್ಡಂಗೆ ಬರ್ದದ್ದ್ ಫೋಟೋ ಹೊಡ್ದ್ ಗ್ರೂಪಿಗೆ ಹಾಕ್ತಿತ್, ಸರ್.”

ಮೇಷ್ಟ್ರು ನಕ್ಕರು. ಅವರು ನಕ್ಕ ಮೇಲೆ ಇಡೀ ಕ್ಲಾಸು ನಕ್ಕಿತು. ನಾನು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ. ಇಪ್ಪತ್ತಮೂರು ಕಣ್ಣುಗಳನ್ನೂ ಅವರೇ ಒತ್ತಿ ತೆರೆದರು. ಪ್ರತಿ ಸಲವೂ ಗೆರೆ ಹೋಯಿತೇ ಎಂದು ಬಗ್ಗಿ ನೋಡಿದರು. ಆಮೇಲೆ ಪ್ರೊಜೆಕ್ಟರ್ ಹಾಕಿಸಿ ಏಳನೆಯದನ್ನೇ ತೋರಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ನಾಯಿ ಬಂದಾಗ ಕೂಗಿದ ಕೂಗು ಪ್ರಾಂಶುಪಾಲರ ಕೋಣೆಗೂ ಕೇಳಿಸಿರಬೇಕು. ಆದರೆ ನಾಯಿಯನ್ನು ನೋಡುತ್ತ ಮಕ್ಕಳು ಬೇರನ್ನೂ ನೋಡಿದರು. ಬಳ್ಳಿಯ ಲ್ಯಾಟಿನ್ ಹೆಸರು, ಅದರ ಕುಲ, ಕುಟುಂಬ ಬಂದಾಗ ಮಾತ್ರ ನಾಲ್ಕು ತಲೆಗಳು ಬೆಂಚಿಗಿಳಿದವು. ಎಷ್ಟನೆಯ ನಿಮಿಷ ಎಂದು ಬರೆದುಕೊಂಡೆ.

ವಿಡಿಯೋ ಮುಗಿದಾಗ ಕಿಟಕಿ ಬದಿಯ ಒಬ್ಬಳು, “ಸರ್, ಕಡ್ಲಂಗೆ ಮೈ ಉರ್ದ್ರೆ ನಮ್ಮಜ್ಜಿ ಇದ್ರ್ ಎಲಿನೇ ಅರ್ದ್ ಹಚ್ಚುದ್,” ಎಂದಳು. ಮೇಷ್ಟ್ರು ಹಾಜರಿ ಪುಸ್ತಕದ ಹಿಂದೆ ಅದನ್ನು ಗೀಚಿಕೊಂಡರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹೊರಡುವಾಗ ಅವರು ಬಾಯಿ ಬಿಟ್ಟರು. “ಮೇಡಂದ್ ಒಂದ್ ಅರ್ಜಿ ಇವತ್ತ್ ಐದ್ ಗಂಟಿ ಒಳ್ಗೆ ಹೋಯ್ಕ್. ಅದಕ್ಕ್ ನೀವೆಲ್ಲ ಪಾಠ ಕಂಡ ಲೆಕ್ಕ ಬೇಕ್ ಅಂಬ್ರ್. ನಿಮ್ ಉಪ್ಕಾರ ಕಾಣಿ!” ಹತ್ತು ದಿನ ಅಮ್ಮನಿಗೂ ಹೇಳದೆ ಇಟ್ಟುಕೊಂಡ ವಿಷಯ ನಲವತ್ತೊಂದು ಮಂದಿಗೆ ಒಂದೇ ಉಸಿರಿನಲ್ಲಿ ಗೊತ್ತಾಯಿತು. ನಾನು ಪ್ರೊಜೆಕ್ಟರಿನ ವಯರ್ ಸುತ್ತುತ್ತ ನಿಂತೆ. ಸುತ್ತಿ ಮುಗಿದ ಮೇಲೂ ಸುತ್ತಿದೆ.

ಮೂರು ಗಂಟೆಗೆ ದಾಖಲೆ ತೆರೆದು ನೋಡಿದರೆ ಇಪ್ಪತ್ತಮೂರು ಪಾಠಗಳ ಎದುರಿಗೂ ನಲವತ್ತೊಂದು, ನಲವತ್ತೊಂದು. ನಮ್ಮ ಪೋರ್ಟಲ್‌ನಲ್ಲಿ ತೆರೆದರೆ ಸಾಕು, ನೋಡಿದಂತೆ ಲೆಕ್ಕ. ಊಟದ ಹೊತ್ತಿನಲ್ಲಿ ಎಲ್ಲರೂ ಕೂತು ಒತ್ತಿದ್ದಾರೆ.

ಕ್ಲಾಸ್ ಲೀಡರ್ ಸ್ಟಾಫ್ ರೂಮಿನ ಬಾಗಿಲಲ್ಲಿ ಇಣುಕಿದಳು. “ಸಾಕಾ ಮೇಡಂ? ಬೇಕಾರ್ ಹೇಳಿ, ಬಿ.ಕಾಂ.ನರ್ ಹತ್ರವೂ ಒತ್ತ್ಸುವ.”

“ಸಾಕ್ ಸಾಕ್,” ಎಂದೆ. ನಗು ತಡೆಯಲಾಗಲಿಲ್ಲ.

ಅರ್ಜಿಯಲ್ಲಿ ಕೇಳಿದ್ದು ಒಟ್ಟು ಸಂಖ್ಯೆ ಮಾತ್ರ. ಯಾವ ದಿನ ನೋಡಿದರು ಎಂದು ಅವರು ಕೇಳಿರಲಿಲ್ಲ. ಸಂಖ್ಯೆ ಪರದೆಯ ಮೇಲಿತ್ತು, ಸುಳ್ಳೂ ಆಗಿರಲಿಲ್ಲ. ಆ ಜಾಗದಲ್ಲಿ ಅದನ್ನು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಹೆಸರಿರುವ ಕೆಲಸ, ಎರಡೇ ಗಂಟೆ ದೂರ. ಮೂರೂಕಾಲರಿಂದ ನಾಲ್ಕರವರೆಗೆ ನಾನು ಮಾಡಿದ್ದು ಇಷ್ಟೇ.

“ಲೆಕ್ಕ ಸಮ ಇತ್ತಲ್ದಾ?” ಮೇಷ್ಟ್ರು ಚಹಾದ ಲೋಟ ಹಿಡಿದು ಬಂದರು.

“ಇತ್ತ್ ಸರ್. ತಾರೀಕೂ ಇತ್ತ್. ಎಲ್ಲ ಇವತ್ತಿಂದೇ.”

“ತಾರೀಕ್ ಯಾರ್ ಕೇಂಡ್ರ್?”

“ಕೇಣ್ಲಿಲ್ಲೆ.”

“ಮತ್ತೆಂತ?”

“ತಾರೀಕ್ ತೆಗ್ದ್ ಪಟ್ಟಿ ಕಳ್ಸುಕೆ ನಂಗ್ ಆತ್ತಿಲ್ಲೆ, ಸರ್. ಅವ್ರ್ ಬದಿಯಂಗೆ ನಾನ್ ಕೂತಿದ್ರೆ, ಮೊದ್ಲ್ ಕೇಂಬುದೇ ಅದನ್ನ್.”

ಅವರು ಚಹಾ ಮುಗಿಸಿ ಲೋಟವನ್ನು ಮೇಜಿನ ಮೇಲಿಟ್ಟರು. “ಕೆಲ್ಸ ಸಿಕ್ಕುದ್ ಕಷ್ಟ ಕಾಣಿ. ಆಯ್ತ್, ಕಳ್ಸಿ. ಎಂಟನೇ ಸಾಲಂಗೆ ನಿಂತದ್ದ್ ನಾನೂ ಅಲ್ದಾ, ನಂದೂ ತಪ್ಪ್ ಅಂದೇಳಿ ಬರೀರಿ.”

ಅದನ್ನು ಬರೆಯಲಿಲ್ಲ. ಒಟ್ಟು ಸಂಖ್ಯೆಯ ಜಾಗದಲ್ಲಿ ‘ಇಂದು ಬೆಳಿಗ್ಗೆಯವರೆಗೆ ಸೊನ್ನೆ’ ಎಂದು ಬರೆದೆ. ತಾರೀಕಿನ ಸಮೇತ ಪಟ್ಟಿ ಲಗತ್ತಿಸಿ, ಜೊತೆಗೊಂದು ಪುಟ ಸೇರಿಸಿದೆ: ಎಂಟು ಸಾಲಿನ ಹಾಳೆ, ಎದ್ದ ನಲವತ್ತೊಂದು ಕೈಗಳು, ಯಾವ ನಿಮಿಷದಲ್ಲಿ ತಲೆಗಳು ಬೆಂಚಿಗಿಳಿದವು, ಅಜ್ಜಿಯ ಎಲೆ. ಐದಕ್ಕೆ ಏಳು ನಿಮಿಷ ಇರುವಾಗ ಕಳಿಸಿದೆ. ಕುಂದಾಪುರದ ಬಸ್ಸಿನಲ್ಲಿ ಕಿಟಕಿ ಬದಿ ಸಿಕ್ಕಿತು. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಮರವಂತೆಯಲ್ಲಿ ಎಲ್ಲರೂ ಕಡಲಿನ ಕಡೆ ತಿರುಗಿದಾಗ ನಾನು ಹೊಳೆಯ ಕಡೆ ನೋಡುತ್ತ ಕುಳಿತೆ. ಅಮ್ಮನಿಗೆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ. “ಅಣ್ಣಂಗ್ ಎಂತ ಹೇಳುದ್ ಅಂದೇಳಿ ಒಂದ್ ಚೀಟಿಯಂಗೆ ಬರ್ದ್ ಕೊಡ್,” ಎಂದಳು.

ಕೆಲಸ ಸಿಕ್ಕಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸಿಗಲಿಲ್ಲ. ತಿಂಗಳ ನಂತರ ಸಂದರ್ಶನಕ್ಕೆ ಕರೆದರು. ಮೊದಲ ಪ್ರಶ್ನೆಯೇ ಆ ಸೊನ್ನೆಯದು. ನಾನು ಹೇಳುತ್ತಿರುವಾಗ, ಎದುರು ಕುಳಿತ ಮೂವರಲ್ಲಿ ಒಬ್ಬರು ಮೇಜಿನ ಕೆಳಗೆ ಫೋನ್ ತೆಗೆದು ತಮ್ಮದೇ ಕೋರ್ಸನ್ನು ನೋಡಿಕೊಳ್ಳುತ್ತಿದ್ದರು. ಹುದ್ದೆ ನನಗಿಂತ ಹತ್ತು ವರ್ಷ ಹೆಚ್ಚು ಅನುಭವವಿದ್ದವರಿಗೆ ಹೋಯಿತು. ಮೊದಲ ಸೋಮವಾರದ ಪತ್ರವನ್ನು ನಾನು ಈಗಲೂ ಓದುತ್ತೇನೆ, ಅರ್ಧ ಬಸ್ಸಿನಲ್ಲಿ, ಅರ್ಧ ಇಳಿದು.

ಅರ್ಜಿ ಕಳಿಸಿದ ಮರುದಿನ ಶುಕ್ರವಾರ, ಬ್ರಹ್ಮಾವರದ ದಿನ. ಎಂದಿನದಕ್ಕಿಂತ ಒಂದು ಬಸ್ಸು ಮೊದಲೇ ಹೋದೆ. ಸ್ಟಾಫ್ ರೂಮಿನ ಬಾಗಿಲು ಆಗಷ್ಟೇ ತೆರೆದಿತ್ತು, ಯಾರೂ ಬಂದಿರಲಿಲ್ಲ. ನನಗೇ ಒಂದು ವಿದ್ಯಾರ್ಥಿನಿಯ ಖಾತೆ ಮಾಡಿಕೊಂಡು, ಅದರಿಂದ ಪೋರ್ಟಲ್ ತೆರೆದೆ. ಮೊದಲ ಕೋರ್ಸ್ ತುಂಬಿತ್ತು. ಎರಡನೆಯದೂ ತುಂಬಿತ್ತು. ಮೂರನೆಯದು ಅರ್ಥಶಾಸ್ತ್ರದ ಮೇಡಂ ಅವರದು, ಅವರು ಇಡೀ ವರ್ಷ ಪ್ರತಿ ವಾರ ನನ್ನನ್ನು ಕೂರಿಸಿಕೊಂಡು ಮಾಡಿದ್ದು. ಪುಟ ಖಾಲಿ ಇತ್ತು.

ಅವರ ಮೇಜಿನ ಹತ್ತಿರ ಹೋದೆ. ನನ್ನ ಹಾಳೆ ಗಾಜಿನ ಕೆಳಗೆ ನೀಟಾಗಿ ಇತ್ತು. ಗಾಜನ್ನು ಎತ್ತಿ, ಎಂಟನೆಯ ಸಾಲಿನ ಕೆಳಗೆ ಉಳಿದಿದ್ದ ಅರ್ಧ ಬೆರಳಿನ ಜಾಗದಲ್ಲಿ ಒಂಬತ್ತು ಎಂದು ಹಾಕಿ, ‘ಸಿದ್ಧವಾದ ಮೇಲೆ ಕಣ್ಣು ತೆರೆಯಿರಿ’ ಎಂದು ಪೆನ್ನಿನಲ್ಲಿ ಬರೆದೆ. ಗಾಜನ್ನು ಮೊದಲಿನಂತೆ ಇಟ್ಟು, ಪಕ್ಕದ ಮೇಜಿಗೆ ಹೋದೆ.