ಕೇಬಲ್ ಡಬ್ಬಿ ವಾಪಸ್ ಕೊಟ್ಟ ಶುಕ್ರವಾರ

ನನಗೆ ಹೊಟ್ಟೆಕಿಚ್ಚಿತ್ತು. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ಕಿಚ್ಚು ನನ್ನ ನೆಗೆಣ್ಣಿಯ ಮೇಲೆ, ಎಂದರೆ ಮೈದುನನ ಹೆಂಡತಿಯ ಮೇಲೆ. ಆಕೆಯ ಸೀರೆ, ಬಂಗಾರ ನೋಡಿ ಅಲ್ಲ. ಅವು ನನಗೇ ಒಂದು ತೂಕ ಹೆಚ್ಚಿದ್ದವು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನಗಿಂತ ಆಕೆಯನ್ನು ಹೆಚ್ಚು ಹಚ್ಚಿಕೊಂಡಿದ್ದಳು, ಅದಕ್ಕೆ. ಆಕೆಗೆ ಮಕ್ಕಳಿರಲಿಲ್ಲ. ಅದು ಗೊತ್ತಿದ್ದೂ ಉರಿಯುತ್ತಿದ್ದೆ ಎಂದು ಬರೆಯಲು ಈಗ ಕೈ ತಡವರಿಸುತ್ತದೆ. ಆಗ ಯಾವ ತಡವರಿಕೆಯೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನ ಒಂದೇ ಓಣಿಯಲ್ಲಿ ನಮ್ಮಿಬ್ಬರದೂ ಎದುರುಬದುರು ಮನೆ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಮೈದುನನಿಗೆ ಬಸ್‌ ಸ್ಟ್ಯಾಂಡ್ ಹತ್ತಿರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ನಾನು ಲಿಂಗಸುಗೂರಿನವಳು, ಆಕೆ ಮಸ್ಕಿಯವಳು. ನನ್ನ ತವರು ತಾಲೂಕಾ ಊರು, ಮಸ್ಕಿ ಆಗಿನ್ನೂ ತಾಲೂಕಾಗಿರಲಿಲ್ಲ. ಇದೂ ಒಂದು ಜಂಬ ನನಗೆ! ಮಾತುಮಾತಿಗೆ ಅದನ್ನು ಆಡಿ ತೋರಿಸುತ್ತಿದ್ದೆ. ಆಕೆ ನಕ್ಕು ಸುಮ್ಮನಾಗುತ್ತಿದ್ದಳು, ಅದೂ ನನಗೆ ಸಿಟ್ಟು ಬರಿಸುತ್ತಿತ್ತು.

ಆ ವರ್ಷ ಓಣಿಗೆ ಕೇಬಲ್ ಬಂತು. ಅಲ್ಲಿಯವರೆಗೆ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ವಯಸ್ಸಾದ ಸಾಬರೊಬ್ಬರು ತಮ್ಮ ಮಾಳಿಗೆಯ ಮೇಲೆ ದೊಡ್ಡ ಡಿಶ್ ಛತ್ರಿ ಕೂರಿಸಿ, ಮಾಳಿಗೆಯಿಂದ ಮಾಳಿಗೆಗೆ ಕರಿ ವೈರ್ ಎಳೆದರು. ನಮ್ಮಂಥವರ ಹಳೆಯ ಟಿವಿಯಲ್ಲಿ ಅಷ್ಟೊಂದು ಚಾನೆಲ್ ಹಿಡಿಯುತ್ತಿರಲಿಲ್ಲ. ಅದಕ್ಕಾಗಿ ಅವರೇ ಒಂದು ಡಬ್ಬಿ ಕೊಡುತ್ತಿದ್ದರು, ಕನ್ವರ್ಟರ್ ಎನ್ನುತ್ತಿದ್ದರು ಅದಕ್ಕೆ. ಅದು ಬಾಡಿಗೆ ಮಾಲು. ಕೇಬಲ್ ಬೇಡವೆಂದ ದಿನ ಡಬ್ಬಿ ಒಯ್ದು ಅವರ ಅಂಗಡಿಯಲ್ಲಿ ಇಟ್ಟು ಬರಬೇಕು.

ಮೊದಲು ಹಾಕಿಸಿದವಳು ನೆಗೆಣ್ಣಿ. ಮೂರನೆಯ ಇಯತ್ತೆ ಓದುತ್ತಿದ್ದ ನನ್ನ ಮಗಳಿಗೆ ಆಮೇಲೆ ನಮ್ಮ ಮನೆಯ ನೆನಪೇ ಉಳಿಯಲಿಲ್ಲ. ಶಾಲೆ ಬಿಟ್ಟು ಬಂದವಳು ಪಾಟಿಚೀಲ ನಮ್ಮ ಕಟ್ಟೆಯ ಮೇಲೆ ಎಸೆದು ಎದುರು ಮನೆಗೆ ಓಡುವಳು. ದೀಪ ಹಚ್ಚುವ ಹೊತ್ತಿಗೆ ಬರುವಳು. ಬರುವಾಗ ಕೈಯಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಒಂದು ದಿನ ಬೆಲ್ಲದ ಚೂರು, ಒಂದು ದಿನ ಹುರಿದ ಶೇಂಗಾ, ಏನೂ ಇಲ್ಲದ ದಿನ ಮುಷ್ಟಿಯಲ್ಲಿ ಒಂದು ಚಿಟಿಕೆ ಸಕ್ಕರೆ. ನನ್ನ ಮಗಳನ್ನು ಒಲಿಸಿಕೊಳ್ಳಲು ಲಂಚ ಬೇರೆ ಕೊಡುತ್ತಾಳಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

"ನಮಗೂ ಕೇಬಲ್ ಹಾಕಿಸ್ರಿ" ಎಂದೆ ಗಂಡನಿಗೆ.

"ಎದುರಿಗೇ ಐತಲ್ಲ. ಅದೇನು ಮಂದಿ ಮನಿಯೇನು?"

"ಹಾಕಿಸ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಎರಡು ದಿನ ಅವರೊಡನೆ ಮಾತು ಬಿಟ್ಟೆ. ತಾಟನ್ನು ಸಪ್ಪಳವಾಗುವಂತೆ ಕುಕ್ಕಿ ಊಟಕ್ಕೆ ಬಡಿಸಿದೆ. ಮೂರನೆಯ ದಿನ ಸಾಬರು ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಇನ್ನು ನನ್ನ ಮಗಳು ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಇರುತ್ತಾಳೆಂದು ಅವತ್ತು ಶ್ಯಾವಿಗೆ ಪಾಯಸ ಮಾಡಿದ್ದೆ.

ಮಗಳು ಶಾಲೆಯಿಂದ ಬಂದಳು. ಟಿವಿಯ ಮೇಲಿನ ಡಬ್ಬಿ ನೋಡಿದಳು. ಕುಣಿದಳು. ಕುಣಿಯುತ್ತಲೇ ಬೀದಿಗೆ ಓಡಿ ಎದುರು ಮನೆಯತ್ತ ಕೂಗಿದಳು: "ಚಿಗವ್ವಾ, ಬಾರಬೇ! ನಮ್ಮನ್ಯಾಗೂ ಬಂದೈತಿ!"

ಆಕೆ ಬಂದಳು. ಬಾರದೆ ಇರುತ್ತಾಳೆಯೇ? ಅಂದಿನಿಂದ ದಿನಾ ಬಂದಳು. ನನ್ನ ಮಂಚದ ಮೇಲೆ ಇಬ್ಬರೂ ಕೂತು ನಗುತ್ತಿದ್ದರು, ನಾನು ಒಳಗೆ ಒಲೆಯ ಮುಂದೆ. ಆ ದಿನಗಳಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಮೂರು ಮನೆ ಆಚೆಗೂ ಕೇಳಿರಬೇಕು. ಒಮ್ಮೆ ಇಣುಕಿ ನೋಡಿದೆ. ಮಗಳು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಆಕೆ ಟಿವಿ ನೋಡುವುದು ಬಿಟ್ಟು ಹುಡುಗಿಯ ತಲೆಯ ಸಿಕ್ಕು ಬಿಡಿಸುತ್ತಿದ್ದಾಳೆ. ನಾನು ಬಾಚಣಿಗೆ ಹಿಡಿದರೆ ಓಣಿಯೇ ಕೂಡುವಂತೆ ಚೀರುವ ಹುಡುಗಿ ಅಲ್ಲಿ ಕಣ್ಣು ಮುಚ್ಚಿಕೊಂಡು ಬಿದ್ದಿದೆ! ನನ್ನ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

ನನ್ನನ್ನು ಕಂಡು ಆಕೆ ಎದ್ದಳು. "ಯಕ್ಕಾ, ನಾನೂ ಎರಡು ರೊಟ್ಟಿ ಬಡೀಲೇನು?"

"ಬ್ಯಾಡವ್ವಾ ತಾಯಿ, ನೀ ಕುಂದ್ರು. ಹಡದಾಕಿ ನಾ ಅದೀನಿ ದುಡಿಯಾಕ."

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆಕೆಯ ಮುಖ ಸಣ್ಣದಾಯಿತು. ನನಗೆ ಒಂದು ಗಳಿಗೆ ಹೊಟ್ಟೆ ತಣ್ಣಗಾದದ್ದು ಸುಳ್ಳಲ್ಲ. ಮರುದಿನ ಆಕೆ ಬರಲಿಲ್ಲ. ಮಗಳು ಮತ್ತೆ ಅಲ್ಲಿಗೇ ಓಡಿದಳು.

ಅಷ್ಟರಲ್ಲಿ ಶಾಲೆಯ ಪರೀಕ್ಷೆಯಲ್ಲಿ ಮಗಳಿಗೆ ಲೆಕ್ಕದಲ್ಲಿ ಕಡಿಮೆ ಅಂಕ ಬಂದವು. ನನಗೆ ಅದೇ ಬೇಕಾಗಿತ್ತು. ನಮ್ಮ ಮನೆಯಲ್ಲೇ ಟಿವಿ ಹಚ್ಚಿಟ್ಟುಕೊಂಡು, ಇನ್ನೊಬ್ಬರ ಮನೆಗೆ ಟಿವಿ ನೋಡಲು ಹೋಗಬೇಡ ಎನ್ನುವುದು ಹೇಗೆ? ನಮ್ಮ ಕೇಬಲ್ ತೆಗೆಸಿಬಿಟ್ಟರೆ ಓದಿನ ಹೆಸರು ಹೇಳಿ ಎದುರು ಮನೆಯ ದಾರಿಯನ್ನೂ ಬಂದ್ ಮಾಡಬಹುದು. ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಸಾರಿದೆ: "ಹುಡುಗಿ ಓದವಲ್ಲಳ್ರಿ. ಕೇಬಲ್ ತೆಗೆಸಾಕತ್ತೀನಿ."

ಗಂಡ ಹಣೆ ಬಡಿದುಕೊಂಡರು. "ಹಾಕಿಸು ಅಂದಾಕಿ ನೀನ, ತೆಗೆಸು ಅನ್ನಾಕಿನೂ ನೀನ. ಹೋಗಲಿ, ಇವತ್ತು ಶುಕ್ರವಾರ, ಮನಿಯಿಂದ ಸಾಮಾನು ಹೊರಗ ಕೊಡಬ್ಯಾಡ. ನಾಳೆ ಕೊಟ್ರಾತು."

"ಬಾಡಿಗಿ ಡಬ್ಬಿಗೆ ಎಲ್ಲಿ ಶುಕ್ರವಾರ, ಬಿಡ್ರಿ!"

ಡಬ್ಬಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ತುರುಕಿಕೊಂಡು ಹೊರಟೆ. ಸಾಬರ ಅಂಗಡಿಯಲ್ಲಿ ಬಿಚ್ಚಿದ ರೇಡಿಯೋಗಳ ನಡುವೆ ಜಾಗ ಮಾಡಿ ಅದನ್ನು ಇಟ್ಟೆ.

"ಬಂದ್ ಮಾಡ್ರಿ ನಮ್ಮದು. ಹಿಡೀರಿ ನಿಮ್ಮ ಡಬ್ಬಿ."

ಅವರು ಪೇಪರು ಬಿಚ್ಚಿ, ತಿರುಗಿಸುವ ಗುಂಡಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಡಬ್ಬಿ ಬಂತು. ಇದರ ವೈರ್ ಎಲ್ಲೈತ್ರಿ ಅಕ್ಕಾರ?"

ಅವಸರದಲ್ಲಿ ವೈರು ಟಿವಿಯ ಹಿಂದೆಯೇ ಉಳಿದಿತ್ತು. ನಾಳೆ ಕಳಿಸುತ್ತೇನೆಂದು ಗೊಣಗಿದೆ. ಅವರು ವಹಿಯಲ್ಲಿ ನಮ್ಮ ಮನೆಯ ಹೆಸರು ಹುಡುಕುತ್ತಿರುವಾಗ ಹಿಂದೆ ಬಳೆಯ ಸಪ್ಪಳವಾಯಿತು. ತಿರುಗಿ ನೋಡಿದರೆ ನನ್ನ ನೆಗೆಣ್ಣಿ. ಸೆರಗು ಹೊದ್ದು, ಒಗೆದ ಬಿಳಿ ಬಟ್ಟೆಯ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಗಂಟು ಬಿಚ್ಚಿದಳು. ಒಳಗೆ ಆಕೆಯ ಮನೆಯ ಡಬ್ಬಿ, ಧೂಳೊರಸಿ ಹೊಸದರಂತೆ ಮಾಡಿದ್ದಾಳೆ. ಜೊತೆಗೆ ವೈರು, ಸುರುಳಿ ಸುತ್ತಿ ದಾರ ಕಟ್ಟಿದ್ದು. ಮೇಲೊಂದು ಕಾಗದದ ಪುಡಿಕೆ.

"ನಮ್ಮದೂ ಬಂದ್ ಮಾಡ್ರಿ ಚಾಚಾ."

"ಯಾಕವ್ವಾ, ಚಿತ್ರ ಚಲೋ ಬರವಲ್ದೇನು?"

"ಚಿತ್ರ ಚಲೋನ ಬರ್ತೈತ್ರಿ. ನಮ್ಮ ಹುಡುಗಿ ಲೆಕ್ಕದಾಗ ಹಿಂದ ಬಿದ್ದಾಳ. ಅಕ್ಕ ತಮ್ಮನ್ಯಾಗ ತೆಗೆಸಾಕತ್ತಾಳ. ನಂದು ಇಟ್ಕೊಂಡ್ರ ಆಕಿ ಓದು ಬಿಟ್ಟು ಓಡಿ ಬರ್ತಾಳ."

ನಮ್ಮ ಹುಡುಗಿಯಂತೆ! ನಾನು ಊರಿಗೆಲ್ಲ ಹಂಚಿದ್ದ ಸುಳ್ಳನ್ನು ಆಕೆಯೊಬ್ಬಳೇ ನಿಜವೆಂದು ನಂಬಿ ತನ್ನ ಕೇಬಲ್ ಕಳಚಿಕೊಂಡು ಬಂದಿದ್ದಳು.

ಸಾಬರು ಪುಡಿಕೆ ಬಿಚ್ಚಿದರು. ಸಕ್ಕರೆ. "ಇದ್ಯಾಕವ್ವಾ?"

"ಮಂದಿ ಸಾಮಾನು ಖಾಲಿ ತಿರುಗಿ ಕೊಡಬಾರದಲ್ರಿ. ಡಬ್ಬಿಯೊಳಗ ಏನೂ ಹಾಕಾಕ ಬರಂಗಿಲ್ಲ, ಅದಕ್ಕ ಮ್ಯಾಲ ಇಟ್ಟೀನಿ."

ನಮ್ಮ ಕಡೆ ಪಕ್ಕದ ಮನೆಯ ಬಟ್ಟಲು ತಿರುಗಿ ಕೊಡುವಾಗ ಒಂದು ಹಿಡಿ ಜೋಳವೋ ಚೂರು ಬೆಲ್ಲವೋ ಹಾಕಿಯೇ ಕೊಡುತ್ತಾರೆ. ನನಗೂ ಗೊತ್ತಿದ್ದದ್ದೇ. ಆದರೆ ಬಾಡಿಗೆಯ ಕೇಬಲ್ ಡಬ್ಬಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಹುಚ್ಚಿ! ಸಾಬರು ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಮಾಲಕ್ ನಿಮಗ ಒಳ್ಳೇದು ಮಾಡ್ಲಿ" ಎಂದು ಪುಡಿಕೆಯನ್ನು ನನ್ನ ಕಡೆಗೂ ಚಾಚಿದರು. ಬೇಡ ಎನ್ನಲಾಗಲಿಲ್ಲ.

ಸಕ್ಕರೆ ನಾಲಿಗೆಯ ಮೇಲೆ ಬಿದ್ದಾಗಲೇ ತಿಳಿದದ್ದು ನನಗೆ. ನನ್ನ ಮಗಳ ಮುಷ್ಟಿಯಲ್ಲಿ ಬರುತ್ತಿದ್ದುದು ಲಂಚವಲ್ಲ. ದಿನಾ ಆಕೆ ನನ್ನ ಮಗಳನ್ನು ಎರವಲು ಪಡೆಯುತ್ತಿದ್ದಳು, ದಿನಾ ದೀಪ ಹಚ್ಚುವ ಹೊತ್ತಿಗೆ ನನಗೆ ತಿರುಗಿ ಕೊಡುತ್ತಿದ್ದಳು. ಒಂದು ದಿನವೂ ಬರಿಗೈಯಲ್ಲಿ ಕೊಟ್ಟಿರಲಿಲ್ಲ.

ತಿಳಿದ ಮೇಲೆ ಕರಗಿದೆನೇ? ಎಲ್ಲಿಯದು! ಹೊಟ್ಟೆ ಇನ್ನಷ್ಟು ಉರಿಯಿತು. ಇಲ್ಲಿಯೂ ನನ್ನನ್ನು ಮೀರಿಸಿಬಿಟ್ಟಳಲ್ಲ ಎಂದು ಉರಿಯಿತು. ಇಬ್ಬರೂ ಒಟ್ಟಿಗೇ ಮನೆಗೆ ನಡೆದೆವು. ದಾರಿಯಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು, ಅವುಗಳ ಮಗ್ಗುಲಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕಾಗಿತ್ತು. ನಿಜ ಹೇಳಿಬಿಡಲೇ ಎಂದು ಒಂದೆರಡು ಸಲ ಅನಿಸಿತು. ಹೇಳಲಿಲ್ಲ. ಆಕೆ ತನ್ನ ಬಾಗಿಲು ತೆರೆಯುತ್ತ, "ಲೆಕ್ಕ ನಾ ಹೇಳಿಕೊಡ್ಲೇನಕ್ಕಾ?" ಎಂದಳು. "ನೋಡೂಣು" ಎಂದು ಒಳಗೆ ಬಂದೆ.

ಸಂಜೆ ಮಗಳು ಬಂದಳು. ಟಿವಿಯ ಮೇಲೆ ಡಬ್ಬಿ ಇಲ್ಲದ್ದನ್ನು ನೋಡಿದಳು. ನೀನು ಓದುತ್ತಿಲ್ಲ, ಅದಕ್ಕೇ ತೆಗೆಸಿದೆ ಎಂದೆ. ಅಳುತ್ತಾಳೆ, ಕಾಲು ಬಡಿಯುತ್ತಾಳೆ, ಆಗ ಎತ್ತಿಕೊಂಡು ಸಮಾಧಾನ ಮಾಡಿದರಾಯಿತು ಎಂದು ನಾನು ಸಿದ್ಧವಾಗಿಯೇ ಇದ್ದೆ. ಅವಳು ಅಳಲಿಲ್ಲ. ಪಾಟಿಚೀಲ ಗೂಟಕ್ಕೆ ಹಾಕಿ ಬಾಗಿಲ ಕಡೆ ತಿರುಗಿದಳು.

ಬಾಗಿಲಿಗೆ ಅಡ್ಡ ನಿಂತೆ. "ಎಲ್ಲಿಗೆ ಹೊಂಟಿ?"

"ಚಿಗವ್ವನ ಮನೀಗೆ."

"ಅಲ್ಲೂ ಬಂದ್ ಆಗೈತಿ. ಡಬ್ಬಿ ಕೊಟ್ಟು ಬಂದಾಳ. ಇನ್ನ ಏನೈತಿ ಅಲ್ಲಿ?"

ಅವಳು ನನ್ನ ಮುಖವನ್ನು, ಇಷ್ಟೂ ತಿಳಿಯದವರನ್ನು ನೋಡುವಂತೆ ನೋಡಿದಳು.

"ಚಿಗವ್ವ ಅದಾಳಲ್ಲ ಬೇ."

ನಾನು ಬಾಗಿಲು ಬಿಟ್ಟು ಸರಿದು ನಿಂತೆ.