ಅಟ್ಟದ ಮೇಲೆ ಬದುಕಿದ ಜೀವ

ಕಳೆದ ವರ್ಷದ ಯುಗಾದಿ. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಮಗಳು ದಿವ್ಯಾ ನಮ್ಮೂರು ಬಿಳಿಗೆರೆಗೆ ಬರುವಾಗ ಎರಡು ಪುಟ್ಟ ಸೀಸೆ ತಂದಿದ್ದಳು. ಎರಡರಲ್ಲೂ ನೀರಿನಲ್ಲಿ ಬೆರೆಸಿದ ಯೀಸ್ಟ್, ಬನ್ನು ಉಬ್ಬಿಸುವ ಜೀವಾಣು. ಒಂದರಲ್ಲಿದ್ದ ಪ್ರತಿ ಜೀವಕೋಶಕ್ಕೂ ಕಣ್ಣಿಗೇ ಕಾಣದಷ್ಟು ತೆಳುವಾದ ಕವಚ ತೊಡಿಸಿದ್ದಳಂತೆ. ಇನ್ನೊಂದರವು ಬರಿಮೈಯವು. ಹಬ್ಬ ಮುಗಿಸಿ ಅವನ್ನು ಬೇರೆ ಲ್ಯಾಬಿಗೆ ಪರೀಕ್ಷೆಗೆ ಒಯ್ಯಬೇಕಿತ್ತು. "ಅಮ್ಮಾ, ಫ್ರಿಜ್ಜಲ್ಲೇ ಇರ್ಲಿ. ಇವು ಸತ್ರೆ ಇಷ್ಟು ದಿನ ಪಟ್ಟ ಕಷ್ಟ ಎಲ್ಲಾ ಹೋಯ್ತು" ಎಂದು ಸಾರಿ ಸಾರಿ ಹೇಳಿದಳು.

ಹಬ್ಬದ ಮರುದಿನ ಹೊರಡುವಾಗ ನೋಡಿದರೆ ಸೀಸೆಗಳಿಲ್ಲ! ಮನೆಯೆಲ್ಲ ಜಾಲಾಡಿದೆವು. ಕೊನೆಗೆ ನಮ್ಮತ್ತೆ, "ಅವಾ? ಅಟ್ಟದ ಮೇಲವೆ ಕಣೇ. ಜೀವ ಇರೋವು ಅಂದ್ಯಲ್ಲ, ಆ ಚಳಿ ಪೆಟ್ಗೇಲಿ ಮುದುರ್ಕಂಡು ಸಾಯ್ತಾವೆ ಅಂತ ಬೆಚ್ಗೆ ಮಡ್ಗಿದೀನಿ" ಎಂದರು.

ಉಂಡೆ ಕೊಬ್ಬರಿ ಆಗಲೆಂದು ನಾವು ಸಿಪ್ಪೆ ಸಮೇತ ಕಾಯಿಗಳನ್ನು ತಿಂಗಳುಗಟ್ಟಲೆ ಒಣಗಲು ಬಿಡುವ ಅಟ್ಟ ಅದು. ಕೆಳಗೇ ಸೌದೆ ಒಲೆ. ಹಬ್ಬದ ಹೋಳಿಗೆ ಬೆಂದದ್ದೂ ಅದರಲ್ಲೇ. ದಿವ್ಯಾ ಅಳುತ್ತಲೇ ಅಟ್ಟ ಹತ್ತಿ ಸೀಸೆಗಳನ್ನು ಇಳಿಸಿದಳು; ಮುಟ್ಟಿದರೆ ಬಿಸಿ. ನನ್ನ ಬಾಯಿ ಮೊದಲೇ ಜೋರು. "ಹೇಳ್ದೆ ಕೇಳ್ದೆ ಯಾಕ್ ಮುಟ್ಟುದ್ರಿ ಅತ್ತೆ?" ಎಂದು ರೇಗಿದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮಗೀನ ಓದು ಹಾಳು ಮಾಡ್ಬುಟ್ನಲ್ಲಪ್ಪಾ" ಎಂದು ಅತ್ತುಬಿಟ್ಟರು. ಊಟಕ್ಕೂ ಏಳಲಿಲ್ಲ.

ದಿವ್ಯಾಳೇ ಕಣ್ಣೊರೆಸಿಕೊಂಡು ಎರಡು ಬಾಟಲಿಗೆ ಸಕ್ಕರೆ ನೀರು ಹಾಕಿ, ಒಂದೊಂದಕ್ಕೆ ಒಂದೊಂದು ಸೀಸೆಯ ಯೀಸ್ಟ್ ಬೆರೆಸಿ, ಬಾಯಿಗೆ ಬಲೂನು ಕಟ್ಟಿದಳು. "ಬದುಕಿದ್ರೆ ಉಸಿರು ಬಿಡ್ತವೆ ಅಜ್ಜಿ, ಬಲೂನ್ ಏಳುತ್ತೆ." ಸಂಜೆಯಾದರೂ ಎರಡೂ ಜೋತುಬಿದ್ದಿದ್ದವು. "ಕವಚ ಇರೋವು ಏಳೋದು ನಿಧಾನ" ಎಂದಳು, ಅವಳಿಗೇ ನಂಬಿಕೆಯಿಲ್ಲದ ದನಿಯಲ್ಲಿ. ಅತ್ತೆ ಬಾಟಲಿಗಳ ಮುಂದಿನಿಂದ ಕದಲಲಿಲ್ಲ.

ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಒಳಗಿಂದ ಅತ್ತೆಯ ಕೂಗು: "ಲೇ ದಿವ್ಯಾ, ಎದ್ದೈತೆ ಬಾರೇ!" ಬರಿಮೈಯವುಗಳ ಬಲೂನು ಹಾಗೇ ಜೋತಿತ್ತು. ಕವಚದವುಗಳದು ನೆಟ್ಟಗೆ ನಿಂತಿತ್ತು; ಅಟ್ಟದ ಬಿಸಿಯಲ್ಲೂ ಕವಚ ಅವನ್ನು ಉಳಿಸಿತ್ತು. ಮಗಳು ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. "ಬೈದ್ಬಿಟ್ಟೆ ಅತ್ತೆ" ಎಂದೆ. "ಅದಿರ್ಲಿ ಬುಡವ್ವ, ಮೊದ್ಲು ತಿಂಡಿ ಹಾಕು, ಹೊಟ್ಟೆ ಚುರುಗುಟ್ತೈತೆ" ಎಂದರು.

ಈ ಯುಗಾದಿಗೂ ಮಗಳು ಸೀಸೆ ತಂದಳು. ನಾನು ಫ್ರಿಜ್ಜಿನ ಬಾಗಿಲು ತೆರೆದು ಕಾದು ನಿಂತಿದ್ದೆ. ಅವಳು ನನ್ನನ್ನು ದಾಟಿ ಹೋಗಿ ಅಜ್ಜಿಯ ಕೈಗೇ ಕೊಟ್ಟು, "ಅಜ್ಜೀ, ಅಟ್ಟದ ಮೇಲೆ ಮಡಗು. ಇಂಥ ಅಟ್ಟ ನಮ್ ಲ್ಯಾಬಲ್ಲಿಲ್ಲ" ಎಂದಳು. ಆಗ ಅತ್ತೆ ನನ್ನ ಕಡೆ ನೋಡಿದ ನೋಟವಿದೆಯಲ್ಲ, ನೆನೆದಾಗಲೆಲ್ಲ ಒಬ್ಬಳೇ ನಗುತ್ತೇನೆ.